ಮತ್ತೆ ಅದೇ ಬಾಗಿಲು ತಟ್ಟಿದವನು

ಬಿಟ್ಟ ಜ್ವರ ಮತ್ತೆ ಬಂದರೆ ನಾವು ಯಾರೂ ನಾಚಿಕೊಳ್ಳುವುದಿಲ್ಲ. ಅದೇ ಡಾಕ್ಟರ ಹತ್ತಿರ ಹೋಗಿ, ಹಳೆಯ ಚೀಟಿ ತೋರಿಸಿ, ಇನ್ನೊಂದು ಕೋರ್ಸ್ ಮಾತ್ರೆ ಬರೆಸಿಕೊಂಡು ಬರುತ್ತೇವೆ. ಮನಸ್ಸಿನ ವಿಷಯಕ್ಕೆ ಬಂದರೆ ಮಾತ್ರ ಲೆಕ್ಕವೇ ಬೇರೆ. ಒಮ್ಮೆ ಧೈರ್ಯ ಮಾಡಿ ಕೌನ್ಸೆಲಿಂಗ್‌ಗೆ ಹೋಗಿ ಸುಧಾರಿಸಿಕೊಂಡವರು ಕೂಡ, ವರ್ಷದ ನಂತರ ಅದೇ ಕತ್ತಲು ಕವಿದಾಗ ಎರಡನೇ ಸಲ ಹೋಗಲು ಹಿಂದೆಮುಂದೆ ನೋಡುತ್ತಾರೆ. ವಾಸಿಯಾಯಿತು ಎಂದು ಮನೆಯವರಿಗೆಲ್ಲ ಹೇಳಿಯಾಗಿದೆ. ಈಗ ಮತ್ತೆ ಹೋದರೆ ಮೊದಲ ಸಲದ್ದು ವ್ಯರ್ಥವಾಯಿತು ಎಂದಂತಲ್ಲವೇ? ನಾನು ಸೋತೆ ಎಂದು ಒಪ್ಪಿಕೊಂಡಂತಲ್ಲವೇ? ಮೊದಲ ಅಟೆಂಪ್ಟ್‌ನಲ್ಲೇ ಪಾಸಾಗಬೇಕು ಎಂದು ಕಲಿತು ಬೆಳೆದ ನಮಗೆ ಈ ಪ್ರಶ್ನೆ ಸಹಜ.

ಈ ಪ್ರಶ್ನೆಯನ್ನು ಇಡೀ ಜೀವಮಾನ ಹೊತ್ತು ನಡೆದ ಒಬ್ಬ ಮನುಷ್ಯನಿದ್ದ. ಹೆಸರು ಸೆರ್ಗೆಯ್ ಪಂಕೆಯೆವ್. ಈ ಹೆಸರನ್ನು ನೀವು ಕೇಳಿರಲಿಕ್ಕಿಲ್ಲ. ಆದರೆ ಸೈಕಾಲಜಿ ಓದಿದವರಿಗೆ ಅವನ ಅಡ್ಡಹೆಸರು ಗೊತ್ತು: ವುಲ್ಫ್ ಮ್ಯಾನ್, ಅಂದರೆ ತೋಳದ ಮನುಷ್ಯ. ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಅವರ ಅತ್ಯಂತ ಹೆಸರುವಾಸಿ ರೋಗಿ ಇವನು.

ತೋಳಗಳ ಕನಸು

ಸೆರ್ಗೆಯ್ ಹುಟ್ಟಿದ್ದು 1886ರಲ್ಲಿ, ಆಗಿನ ರಷ್ಯಾದ ಕ್ಯಾಲೆಂಡರ್ ಪ್ರಕಾರ ಕ್ರಿಸ್‌ಮಸ್‌ನ ಹಿಂದಿನ ದಿನ. ಊರು ನೀಪರ್ ನದಿಯ ದಂಡೆಯ ಕಖೋವ್ಕಾ ಕಡೆಯದು. ಆ ಜಾಗ ಈಗ ಉಕ್ರೇನ್‌ನಲ್ಲಿದೆ. ತಂದೆ ದೊಡ್ಡ ಜಮೀನ್ದಾರರು. ಮನೆ ತುಂಬ ಆಳುಕಾಳು, ಮಕ್ಕಳನ್ನು ನೋಡಿಕೊಳ್ಳಲು ದಾದಿ, ಪಾಠ ಹೇಳಲು ಮನೆಗೇ ಬರುವ ಮೇಷ್ಟ್ರುಗಳು. ಆಮೇಲೆ ಕುಟುಂಬ ಒಡೆಸ್ಸಾ ನಗರಕ್ಕೆ ಬಂತು. ಹಣಕ್ಕೆ ಯಾವ ಕೊರತೆಯೂ ಇರಲಿಲ್ಲ. ಆದರೆ ತಂದೆಗೆ ಆಗಾಗ ತೀವ್ರ ಖಿನ್ನತೆ. ತಾಯಿಗೆ ಸದಾ ಅನಾರೋಗ್ಯ. ಎರಡು ವರ್ಷ ದೊಡ್ಡವಳಾದ ಅಕ್ಕ ಅನ್ನಾ ಬಹಳ ಚುರುಕು. ತಮ್ಮನಿಗೆ ಪುಸ್ತಕದಲ್ಲಿದ್ದ ತೋಳದ ಚಿತ್ರ ತೋರಿಸಿ ಹೆದರಿಸುವುದು ಅವಳಿಗೊಂದು ಆಟ.

ಇನ್ನೇನು ನಾಲ್ಕು ವರ್ಷ ತುಂಬಬೇಕು ಎನ್ನುವಾಗ ಹುಡುಗನಿಗೆ ಒಂದು ಕನಸು ಬಿತ್ತು. ರಾತ್ರಿ. ಅವನು ಹಾಸಿಗೆಯಲ್ಲಿ ಮಲಗಿದ್ದಾನೆ. ಕಿಟಕಿ ತಾನಾಗಿಯೇ ತೆರೆದುಕೊಳ್ಳುತ್ತದೆ. ಹೊರಗಿನ ಆಕ್ರೋಟ್ ಮರದ ಕೊಂಬೆಗಳ ಮೇಲೆ ಆರೋ ಏಳೋ ಬಿಳಿ ತೋಳಗಳು ಕೂತಿವೆ. ಅವು ಅಲುಗಾಡುವುದಿಲ್ಲ, ಸುಮ್ಮನೆ ಅವನನ್ನೇ ನೋಡುತ್ತವೆ. ಹುಡುಗ ಕಿರುಚಿಕೊಂಡು ಎದ್ದ. ಅಂದಿನಿಂದ ಪ್ರಾಣಿಗಳೆಂದರೆ ಭಯ. ಆ ಭಯ ಹೋಗುವಷ್ಟರಲ್ಲಿ ದೇವರ ಪಟಗಳಿಗೆಲ್ಲ ಸಾಲಾಗಿ ಮುತ್ತಿಡದೆ ಮಲಗಲಾಗದಂಥ ಗೀಳು.

ದೊಡ್ಡವನಾದ ಮೇಲೆ ನಿಜವಾದ ಹೊಡೆತಗಳು ಬಿದ್ದವು. 1906ರಲ್ಲಿ ಅಕ್ಕ ಅನ್ನಾ ಆತ್ಮಹತ್ಯೆ ಮಾಡಿಕೊಂಡಳು. ಆಮೇಲೆ ತಂದೆಯೂ ಹೋದರು. ಅದೂ ಆತ್ಮಹತ್ಯೆಯೇ ಇರಬೇಕೆಂಬ ಅನುಮಾನ ಉಳಿಯಿತು. ಇಪ್ಪತ್ತರ ಆಸುಪಾಸಿನ ಸೆರ್ಗೆಯ್ ಕುಸಿದುಹೋದ. ತನಗೂ ಜಗತ್ತಿಗೂ ನಡುವೆ ಒಂದು ತೆಳು ಪರದೆ ಬಿದ್ದಿದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಓದು ನಿಂತಿತು. ಸಣ್ಣಪುಟ್ಟದ್ದಕ್ಕೂ ಬೇರೆಯವರ ಆಸರೆ ಬೇಕಾಯಿತು. ಹಣವಿತ್ತಲ್ಲ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಬೆಖ್ಟೆರೆವ್, ಬರ್ಲಿನ್‌ನಲ್ಲಿ ಜೀಹೆನ್, ಮ್ಯೂನಿಕ್‌ನಲ್ಲಿ ಕ್ರೆಪೆಲಿನ್ ಹೀಗೆ ಆ ಕಾಲದ ಅತಿ ದೊಡ್ಡ ವೈದ್ಯರನ್ನೆಲ್ಲ ಕಂಡ. ಸ್ನಾನ, ಮಸಾಜು, ವಿಶ್ರಾಂತಿ, ಸ್ಥಳ ಬದಲಾವಣೆ ಎಲ್ಲ ಆಯಿತು. ಯಾವುದೂ ನಾಟಲಿಲ್ಲ. ಮ್ಯೂನಿಕ್‌ನ ಆರೋಗ್ಯಧಾಮದಲ್ಲಿ ಸಿಕ್ಕಿದ ಒಂದೇ ಲಾಭ ಎಂದರೆ ಅಲ್ಲಿನ ನರ್ಸ್ ತೆರೇಸಾ. ಅವಳನ್ನು ಕಂಡ ಕೂಡಲೇ ಅವನಿಗೆ ಪ್ರೀತಿ ಹುಟ್ಟಿತು.

ಗಡುವು ಕೊಟ್ಟ ಡಾಕ್ಟರು

1910ರ ಆರಂಭದಲ್ಲಿ ಒಡೆಸ್ಸಾದ ವೈದ್ಯ ದ್ರೋಸ್ನೆಸ್ ಅವನನ್ನು ಸ್ವಿಟ್ಜರ್ಲೆಂಡ್‌ಗೆಂದು ಕರೆದುಕೊಂಡು ಹೊರಟವರು ದಾರಿಯಲ್ಲಿ ವಿಯೆನ್ನಾದಲ್ಲಿ ಇಳಿದರು. ಅಲ್ಲಿ ಬೆರ್ಗಾಸೆ ಬೀದಿಯ 19ನೇ ನಂಬರಿನ ಮನೆಯಲ್ಲಿ ಫ್ರಾಯ್ಡ್ ಇದ್ದರು. ಸೆರ್ಗೆಯ್ ಮುಂದೆ ಹೋಗಲೇ ಇಲ್ಲ.

ಮನೋವಿಶ್ಲೇಷಣೆಯ ರೀತಿ ಇಷ್ಟು: ರೋಗಿ ಸೋಫಾದ ಮೇಲೆ ಮಲಗಬೇಕು. ಡಾಕ್ಟರು ಅವನ ತಲೆಯ ಹಿಂದೆ, ಅವನಿಗೆ ಕಾಣದ ಹಾಗೆ ಕೂರುತ್ತಾರೆ. ಮನಸ್ಸಿಗೆ ಬಂದದ್ದನ್ನು ನಾಚಿಕೆಯದ್ದಾಗಲಿ, ಅಸಂಬದ್ಧವಾಗಲಿ, ಸೋಸದೆ ಹೇಳಬೇಕು. ವಾರದಲ್ಲಿ ಆರು ದಿನ, ದಿನಕ್ಕೆ ಒಂದು ಗಂಟೆ. ಅಲ್ಲಿಯವರೆಗೆ ಅವನನ್ನು ಪರೀಕ್ಷಿಸಿದವರೇ ಎಲ್ಲ. ಇಲ್ಲಿ ಒಬ್ಬರು ಕೂತು ಕೇಳುತ್ತಿದ್ದರು. ಅವನಿಗೆ ಅದೇ ದೊಡ್ಡ ಸಮಾಧಾನವಾಯಿತು.

ಆದರೆ ವರ್ಷ ಒಂದಾಯಿತು, ಎರಡಾಯಿತು, ಮೂರಾಯಿತು. ಅವನು ಬರುತ್ತಿದ್ದ, ಮಾತಾಡುತ್ತಿದ್ದ, ಹೋಗುತ್ತಿದ್ದ. ಒಳಗಿನದು ಹೊರಗೆ ಬರುತ್ತಿರಲಿಲ್ಲ. ಸೋಫಾ ಹಿತವಾಗಿಬಿಟ್ಟಿತ್ತು. ಕೊನೆಗೆ ಫ್ರಾಯ್ಡ್ ಅಲ್ಲಿಯವರೆಗೆ ಮಾಡದಿದ್ದ ಕೆಲಸವೊಂದನ್ನು ಮಾಡಿದರು, ಗಡುವು ಕೊಟ್ಟರು. 1914ರ ಬೇಸಿಗೆಯೊಳಗೆ ಚಿಕಿತ್ಸೆ ಮುಗಿಯುತ್ತದೆ, ಅಷ್ಟರಲ್ಲಿ ಏನಾಗುತ್ತದೋ ಅಷ್ಟೇ. ಪರೀಕ್ಷೆಯ ಟೈಂಟೇಬಲ್ ಬಂದ ಮೇಲೆ ಓದುವ ನಮ್ಮ ಹಾಗೆ ಅವನಿಗೂ ಆಯಿತು. ಕೊನೆಯ ತಿಂಗಳುಗಳಲ್ಲಿ ನೆನಪುಗಳು ಧಾರೆಯಾಗಿ ಬಂದವು.

ಫ್ರಾಯ್ಡ್ ಎಲ್ಲವನ್ನೂ ಆ ತೋಳಗಳ ಕನಸಿಗೆ ಕಟ್ಟಿದರು. ಒಂದೂವರೆ ವರ್ಷದ ಮಗುವಾಗಿದ್ದಾಗ ತಂದೆ ತಾಯಿ ಕೂಡಿದ್ದನ್ನು ಅವನು ಕಂಡಿರಬೇಕು, ಆ ಭಯವೇ ಕನಸಿನಲ್ಲಿ ತೋಳಗಳ ರೂಪದಲ್ಲಿ ಮರವೇರಿ ಕೂತಿದೆ ಎಂಬುದು ಅವರ ವಾದ. ಆ ದೃಶ್ಯ ಸೆರ್ಗೆಯ್‌ಗೆ ಕೊನೆಯವರೆಗೂ ನೆನಪಾಗಲಿಲ್ಲ. ತಾನು ದಾದಿಯ ಕೋಣೆಯಲ್ಲಿ ಮಲಗುತ್ತಿದ್ದವನು, ಅದನ್ನು ನೋಡುವ ಸಂಭವವೇ ಕಡಿಮೆ ಎಂದು ಮುಪ್ಪಿನಲ್ಲಿ ಅವನೇ ಹೇಳಿದ. ಆದರೆ 1914ರಲ್ಲಿ ಅವನು ಎದ್ದು ನಿಂತಿದ್ದಂತೂ ನಿಜ. ಪರದೆ ಸರಿದಿತ್ತು. ತೆರೇಸಾಳನ್ನು ಮದುವೆಯಾಗಲು ಹೊರಟ. ಸರಾಯೆವೊದಲ್ಲಿ ಆಸ್ಟ್ರಿಯದ ಯುವರಾಜನ ಹತ್ಯೆಯಾಗಿ ಮೊದಲ ಮಹಾಯುದ್ಧದ ಮೋಡ ಕಟ್ಟುತ್ತಿದ್ದ ದಿನಗಳಲ್ಲೇ ಅವನ ಚಿಕಿತ್ಸೆ ಮುಗಿಯಿತು. ಊರಿಗೆ ಹೋದ, ಮದುವೆಯಾದ, ನಿಂತುಹೋಗಿದ್ದ ಕಾನೂನು ಓದನ್ನು ಮುಗಿಸಿ ಪದವಿ ಪಡೆದ.

ಫ್ರಾಯ್ಡ್ ಇತ್ತ ಅವನ ಕಥೆಯನ್ನು ಹೆಸರು ಮರೆಮಾಚಿ ಬರೆದಿಟ್ಟರು. ಯುದ್ಧದ ಕಾರಣ ಅದು ಅಚ್ಚಾಗಿದ್ದು 1918ರಲ್ಲಿ. ಮನೋವಿಶ್ಲೇಷಣೆಗೆ ಸಿಕ್ಕ ದೊಡ್ಡ ಗೆಲುವು ಅದು ಎಂದು ಶಿಷ್ಯರೆಲ್ಲ ಓದಿದರು.

ಎರಡನೇ ಸಲ

ಕಥೆ ಇಲ್ಲಿಗೆ ಮುಗಿದಿದ್ದರೆ ಸಿನಿಮಾ ಆಗುತ್ತಿತ್ತು. ಆದರೆ 1919ರ ವಸಂತದಲ್ಲಿ ಸೆರ್ಗೆಯ್ ಮತ್ತೆ ಅದೇ ಬೆರ್ಗಾಸೆಯ ಮೆಟ್ಟಿಲು ಹತ್ತಿದ.

ಅಷ್ಟರಲ್ಲಿ ರಷ್ಯಾದಲ್ಲಿ ಕ್ರಾಂತಿಯಾಗಿತ್ತು. ತೆರೇಸಾಳ ಮೊದಲ ಮದುವೆಯ ಮಗಳು ಜರ್ಮನಿಯ ಫ್ರೈಬುರ್ಗ್‌ನಲ್ಲಿ ಕಾಯಿಲೆ ಬಿದ್ದಿದ್ದಳು. ಹೆಂಡತಿ ಮೊದಲೇ ಅಲ್ಲಿಗೆ ಹೋಗಿದ್ದಳು. ಅವಳನ್ನು ಸೇರಲು ಹೊರಟ ಸೆರ್ಗೆಯ್ ದಾರಿಯಲ್ಲಿ ಫ್ರಾಯ್ಡ್‌ರನ್ನು ಕಂಡುಹೋಗೋಣವೆಂದು ವಿಯೆನ್ನಾದಲ್ಲಿ ಇಳಿದ. ತಾನು ಚೆನ್ನಾಗಿದ್ದೇನೆ ಎಂದೇ ಅವನ ಭಾವನೆ. ಫ್ರಾಯ್ಡ್ ಮಾತಾಡಿಸಿ ನೋಡಿದರು. ಹಳೆಯ ಹೊಟ್ಟೆಯ ತೊಂದರೆ ಮತ್ತೆ ಕಾಣಿಸಿಕೊಂಡಿತ್ತು. ಮನಸ್ಸಿನ ಗಂಟೊಂದು ಬಿಚ್ಚದೆ ಉಳಿದಿದೆ, ಇನ್ನೂ ಕೆಲವು ತಿಂಗಳು ಬೇಕು ಎಂದು ಹೇಳಿದರು. ಆ ವರ್ಷದ ಕೊನೆಗೆ ಎರಡನೇ ಚಿಕಿತ್ಸೆ ಶುರುವಾಗಿ 1920ರ ಆರಂಭದ ತಿಂಗಳುಗಳಲ್ಲಿ ಮುಗಿಯಿತು.

ಉಳಿದಿದ್ದ ಗಂಟು ಎಂಥದು? ನಮ್ಮ ಬದುಕಿನ ಹಳೆಯ ಸಂಬಂಧಗಳ ಪ್ರೀತಿ, ಸಿಟ್ಟು, ಭಯ, ನಿರೀಕ್ಷೆಗಳನ್ನು ನಮಗೇ ಗೊತ್ತಿಲ್ಲದೆ ಡಾಕ್ಟರ ಮೇಲೆ ಹೊರಿಸುತ್ತೇವೆ. ಅದನ್ನು ಭಾವ ವರ್ಗಾವಣೆ ಎನ್ನಬಹುದು. ಮಲಗಿ ಮಾತಾಡುವ ಈ ಚಿಕಿತ್ಸೆಯ ಮುಖ್ಯ ಕೆಲಸವೇ ಅದನ್ನು ಗುರುತಿಸಿ ಕಳಚುವುದು. ತಂದೆಯನ್ನು ಕಳೆದುಕೊಂಡಿದ್ದ ಹುಡುಗನಿಗೆ ಫ್ರಾಯ್ಡ್ ತಂದೆಯಾಗಿಬಿಟ್ಟಿದ್ದರು. ಗಡುವಿನ ಅವಸರದಲ್ಲಿ ಆ ನಂಟು ಕಳಚದೆ ಉಳಿದಿತ್ತು. ಮೊದಲ ಸಲ ಆದದ್ದು ಸುಳ್ಳಾಗಿರಲಿಲ್ಲ, ಅಪೂರ್ಣವಾಗಿತ್ತು ಅಷ್ಟೆ.

ಆದರೆ ಈ ಎರಡನೇ ಸರದಿಗೆ ಅವನು ಕೊಟ್ಟ ಬೆಲೆ ಸಣ್ಣದಲ್ಲ. ಒಡೆಸ್ಸಾ ಆಗ ಬೋಲ್ಶೆವಿಕರ ಕೈಯಲ್ಲಿರಲಿಲ್ಲ. ಹೋಗಿ ಆಸ್ತಿಯಲ್ಲಿ ಸ್ವಲ್ಪವನ್ನಾದರೂ ಉಳಿಸಿಕೊಳ್ಳಬೇಕೆಂದು ಅವನಿಗಿತ್ತು. ಅದು ಚಿಕಿತ್ಸೆಯಿಂದ ತಪ್ಪಿಸಿಕೊಳ್ಳುವ ನೆಪ ಎಂದು ಫ್ರಾಯ್ಡ್ ತಡೆದರು ಎಂಬುದು ಅವನ ದೂರು. 1920ರ ಫೆಬ್ರವರಿಯಲ್ಲಿ ಕೆಂಪು ಸೇನೆ ಒಡೆಸ್ಸಾಕ್ಕೆ ನುಗ್ಗಿತು. ಎಲ್ಲ ಹೋಯಿತು. ಹೋಗಿದ್ದರೆ ಆಸ್ತಿ ಸಿಗುತ್ತಿತ್ತೋ, ಜೀವವೇ ಹೋಗುತ್ತಿತ್ತೋ ಯಾರು ಬಲ್ಲರು? ಆದರೆ ಆ ಕೊರಗು ಅವನನ್ನು ಬಿಡಲಿಲ್ಲ. ಮತ್ತೆ ಚಿಕಿತ್ಸೆಗೆ ಹೋಗುವವರು ಇದನ್ನೂ ಗಮನಿಸಬೇಕು. ಡಾಕ್ಟರು ನಮ್ಮ ಮನಸ್ಸನ್ನು ಅರ್ಥ ಮಾಡಿಸಬಲ್ಲರು, ನಮ್ಮ ಬದುಕಿನ ನಿರ್ಧಾರಗಳನ್ನು ಅವರ ಕೈಗೆ ಒಪ್ಪಿಸಿ ಕೂರುವುದು ಬೇರೆಯೇ ಮಾತು.

ಬೆಳಗ್ಗೆ ಆಫೀಸು

ಜಮೀನ್ದಾರನ ಮಗ ಈಗ ಪರದೇಶದಲ್ಲಿ ಬಡವ. ಫ್ರೈಬುರ್ಗ್‌ನ ಆ ಹುಡುಗಿಯೂ ಉಳಿಯಲಿಲ್ಲ. ಫ್ರಾಯ್ಡ್ ಎರಡನೇ ಸಲದ ಚಿಕಿತ್ಸೆಗೆ ಫೀಸು ತೆಗೆದುಕೊಳ್ಳಲಿಲ್ಲ. ಮಾತ್ರವಲ್ಲ, ಸುಮಾರು ಆರು ವರ್ಷ ಪ್ರತಿ ವರ್ಷ ಪರಿಚಿತರಿಂದ ಚಂದಾ ಎತ್ತಿ ಅವನಿಗೆ ಕೊಟ್ಟರು.

ಇದರ ಜೊತೆಗೇ ಇನ್ನೊಂದು ಸಂಗತಿ ನಡೆಯಿತು. ನಮ್ಮಂಥ ಕೆಲಸ ಹುಡುಕುವವರಿಗೆ ಇದೇ ಹೆಚ್ಚು ಹತ್ತಿರದ್ದು. ಅಲ್ಲಿಯವರೆಗೆ ಒಂದು ದಿನವೂ ಸಂಬಳಕ್ಕೆ ದುಡಿಯದ ಸೆರ್ಗೆಯ್, ಮೂವತ್ತು ದಾಟಿದ ಮೇಲೆ ವಿಯೆನ್ನಾದ ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸಕ್ಕೆ ಸೇರಿದ. ಸಣ್ಣ ಕೆಲಸ. ಮಾತೃಭಾಷೆಯಲ್ಲದ ಜರ್ಮನ್‌ನಲ್ಲಿ ಬರೆದುಕೊಂಡು, ದಿನಾ ಅದೇ ದಾರಿ ನಡೆದುಕೊಂಡು, 1950ರಲ್ಲಿ ನಿವೃತ್ತನಾಗುವವರೆಗೆ ಅದರಲ್ಲೇ ದುಡಿದ. ಮೂವತ್ತು ವರ್ಷ! ಫ್ರಾಯ್ಡ್ ಕಂಡುಹಿಡಿದ ತೋಳಗಳ ಅರ್ಥದ ಬಗ್ಗೆ ನೂರಾರು ಪುಟ ಬರೆದವರಿದ್ದಾರೆ, ಈ ಮೂವತ್ತು ವರ್ಷದ ಹಾಜರಿಯ ಬಗ್ಗೆ ಬರೆದವರು ಕಡಿಮೆ. ಒಂದು ಕಾಲಕ್ಕೆ ಬೇರೆಯವರ ಆಸರೆಯಿಲ್ಲದೆ ದಿನ ಕಳೆಯಲಾಗದಿದ್ದ ಮನುಷ್ಯ ಇವನೇ ಎಂಬುದನ್ನು ಮರೆಯಬೇಡಿ.

ಮೂಗಿನ ಮೇಲಿನ ಗಾಯ

ಮೂರನೇ ಸಲವೂ ಬಂತು. 1923ರಲ್ಲಿ ಫ್ರಾಯ್ಡ್‌ರ ದವಡೆಯ ಕ್ಯಾನ್ಸರ್‌ಗೆ ಆಪರೇಷನ್ ಆಯಿತು. ಅವರ ಮುಖ ಕಂಡು ಸೆರ್ಗೆಯ್ ಬೆಚ್ಚಿದ. ಅದಾಗಿ ಸ್ವಲ್ಪ ಕಾಲಕ್ಕೆ ಅವನ ತಲೆಗೆ ಮೂಗಿನ ಚಿಂತೆ ಹೊಕ್ಕಿತು. ಚರ್ಮದ ಡಾಕ್ಟರೊಬ್ಬರು ಕೊಟ್ಟ ಚಿಕಿತ್ಸೆಯಿಂದ ಮೂಗಿನ ಮೇಲೆ ಗುಳಿ ಬಿದ್ದಿದೆ, ರೂಪ ಕೆಟ್ಟಿದೆ, ಎಲ್ಲರೂ ಅದನ್ನೇ ನೋಡುತ್ತಾರೆ ಎಂದು. ಜೇಬಿನಲ್ಲಿ ಸದಾ ಕನ್ನಡಿ. ನಿಮಿಷಕ್ಕೊಮ್ಮೆ ನೋಡುವುದು, ಪೌಡರ್ ಹಚ್ಚುವುದು, ಒರೆಸುವುದು, ಮತ್ತೆ ನೋಡುವುದು. ನಿಜವಾಗಿ ಅಲ್ಲಿ ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ. ಸೆಲ್ಫಿಯಲ್ಲಿ ಒಂದು ಮೊಡವೆಯನ್ನು ದೊಡ್ಡದು ಮಾಡಿ ಮಾಡಿ ನೋಡುವ ಕಾಲದವರಾದ ನಮಗೆ ಈ ಸಂಕಟ ತೀರಾ ಅಪರಿಚಿತವೇನಲ್ಲ.

1926ರ ಅಕ್ಟೋಬರ್‌ನಲ್ಲಿ ಫ್ರಾಯ್ಡ್ ಅವನನ್ನು ತಮ್ಮ ಶಿಷ್ಯೆ, ಅಮೆರಿಕದ ರುತ್ ಮ್ಯಾಕ್ ಬ್ರನ್ಸ್‌ವಿಕ್ ಅವರ ಬಳಿ ಕಳಿಸಿದರು. ಅವನಿಗಿಂತ ಹತ್ತು ವರ್ಷ ಚಿಕ್ಕವರು. ಅವರೂ ಫೀಸು ಕೇಳಲಿಲ್ಲ. ಆದರೆ ಎರಡು ಕೆಲಸ ಮಾಡಿದರು.

ಮೊದಲನೆಯದು, ಅವನು ಮುಚ್ಚಿಟ್ಟದ್ದನ್ನು ಹೊರಗೆ ತೆಗೆಸಿದರು. 1922ರಲ್ಲಿ ರಷ್ಯಾದಿಂದ ಬಂದ ಪರಿಚಿತರೊಬ್ಬರು ಅವನ ಮನೆತನದ ಕೆಲವು ಆಭರಣಗಳನ್ನು ತಲುಪಿಸಿದ್ದರು. ಚಂದಾ ನಿಂತುಬಿಡಬಹುದೆಂದು ಹೆದರಿ ಅದನ್ನು ಅವನು ಫ್ರಾಯ್ಡ್‌ಗೆ ಹೇಳಿರಲಿಲ್ಲ. ಮನಸ್ಸಿಗೆ ಬಂದದ್ದೆಲ್ಲ ಹೇಳಬೇಕು ಎಂಬ ಒಂದೇ ನಿಯಮದ ಮೇಲೆ ನಿಂತ ಚಿಕಿತ್ಸೆ ಅದು. ಅಷ್ಟು ದೊಡ್ಡ ಗುಟ್ಟನ್ನು ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡೇ ಅವನು ಆ ಮನೆಗೆ ಹೋಗಿ ಬರುತ್ತಿದ್ದ. ಎರಡನೆಯದು, ತಾನು ಫ್ರಾಯ್ಡ್‌ರ ಮುದ್ದಿನ ಮಗ ಎಂಬ ಅವನ ನಂಬಿಕೆಯನ್ನು ಮುರಿದರು. ಪ್ರಸಿದ್ಧ ಕೇಸ್ ಎನ್ನುವುದು ನಿಜ, ಆದರೆ ಅಂಥ ಕೇಸುಗಳು ಬೇರೆಯೂ ಇವೆ ಎಂದು ತಿಳಿಸಿದರು. ಅದು ನೋವು ಕೊಟ್ಟಿತು. ಆದರೆ ಆ ಪೀಠ ಹೋದ ಮೇಲೆಯೇ ಮೂಗೂ ತನ್ನ ಜಾಗಕ್ಕೆ ಮರಳಿತು. 1927ರ ಫೆಬ್ರವರಿ ಹೊತ್ತಿಗೆ, ಅಂದರೆ ನಾಲ್ಕೈದು ತಿಂಗಳಲ್ಲಿ, ಕನ್ನಡಿಯ ಗೀಳು ಬಿಟ್ಟಿತು. ಬ್ರನ್ಸ್‌ವಿಕ್ ಇದನ್ನೂ ಬರೆದು 1928ರಲ್ಲಿ ಪ್ರಕಟಿಸಿದರು. ಮೊದಲಿನ ನಾಲ್ಕೂವರೆ ವರ್ಷಕ್ಕೆ ಹೋಲಿಸಿದರೆ ನಂತರದ ಎರಡೂ ಚಿಕಿತ್ಸೆಗಳು ಕೆಲವೇ ತಿಂಗಳಲ್ಲಿ ಮುಗಿದವು ಎಂಬುದನ್ನು ಗಮನಿಸಿ. ಮತ್ತೆ ಹೋಗುವುದೆಂದರೆ ಮತ್ತೆ ಸೊನ್ನೆಯಿಂದ ಶುರು ಮಾಡುವುದು ಎಂದೇನಲ್ಲ.

ಇನ್ನೊಂದು ವಿಷಯ. ಆ ಬ್ರನ್ಸ್‌ವಿಕ್ ಅವರೇ ಫ್ರಾಯ್ಡ್‌ರ ಸೋಫಾದ ಮೇಲೆ ಬಿಟ್ಟು ಬಿಟ್ಟು ಎಷ್ಟೋ ವರ್ಷ ಮಲಗಿ ಎದ್ದವರು!

ಸಿಡಿಲಿನ ವರ್ಷ

1938ರ ಮಾರ್ಚ್‌ನಲ್ಲಿ ಹಿಟ್ಲರ್‌ನ ಸೇನೆ ಆಸ್ಟ್ರಿಯಕ್ಕೆ ಬಂತು. ಆ ತಿಂಗಳ ಕೊನೆಯ ದಿನ ಸೆರ್ಗೆಯ್ ಆಫೀಸಿನಿಂದ ಮನೆಗೆ ಬಂದಾಗ ತೆರೇಸಾ ಜೀವ ಕಳೆದುಕೊಂಡಿದ್ದಳು. ಅಕ್ಕ, ತಂದೆ, ಈಗ ಹೆಂಡತಿ. ಫ್ರಾಯ್ಡ್ ಊರು ಬಿಡುವ ಸಿದ್ಧತೆಯಲ್ಲಿದ್ದರು, ಬ್ರನ್ಸ್‌ವಿಕ್ ವಿಯೆನ್ನಾದಲ್ಲಿರಲಿಲ್ಲ. ಏಕೆ ಹೀಗಾಯಿತು ಎಂಬ ಒಂದೇ ಪ್ರಶ್ನೆ ಹಿಡಿದು ಅವನು ಹುಚ್ಚನಂತೆ ಅಲೆದ.

ಆಗ ಅವನ ಕೈಹಿಡಿದವರು ಮ್ಯೂರಿಯಲ್ ಗಾರ್ಡಿನರ್, ಅವನಿಂದ ರಷ್ಯನ್ ಪಾಠ ಹೇಳಿಸಿಕೊಂಡಿದ್ದ ಅಮೆರಿಕದ ಹೆಣ್ಣುಮಗಳು. ನಾಜಿಗಳಿಂದ ಎಷ್ಟೋ ಜನರನ್ನು ಪಾರು ಮಾಡಿದ ಧೈರ್ಯಸ್ಥೆ. ವೀಸಾ ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ಓಡಾಡಿ ಅವನನ್ನು ಪ್ಯಾರಿಸ್‌ಗೆ, ಅಲ್ಲಿಂದ ಲಂಡನ್‌ಗೆ ತಲುಪಿಸಿದರು. ಅಲ್ಲಿ ಕೆಲವು ವಾರ ಬ್ರನ್ಸ್‌ವಿಕ್ ಅವರ ಹತ್ತಿರ ಅವನು ದಿನವೂ ಮಾತಾಡಿದ. ಆ ವಾರಗಳಿಂದ ಅವನಿಗೆ ಸಿಕ್ಕಿದ್ದು ವಾಪಸು ಹೋಗಿ ಬದುಕುವಷ್ಟು ಶಕ್ತಿ. ವಿಯೆನ್ನಾಕ್ಕೆ ಮರಳಿದ, ವಯಸ್ಸಾದ ತಾಯಿಯನ್ನು 1953ರಲ್ಲಿ ಅವರು ತೀರಿಕೊಳ್ಳುವವರೆಗೆ ನೋಡಿಕೊಂಡ, ಯುದ್ಧ ದಾಟಿದ, ಆಫೀಸಿಗೆ ಹೋದ, ರಜೆಯಲ್ಲಿ ನಿಸರ್ಗದ ಚಿತ್ರ ಬರೆದ. ಆ ತೋಳಗಳ ಮರವನ್ನೂ ಬರೆದು ಮಾರುತ್ತಿದ್ದ. ಗಾರ್ಡಿನರ್ ನೆರವಿನಿಂದ ಅವನ ನೆನಪುಗಳ ಪುಸ್ತಕ 1971ರಲ್ಲಿ ಬಂತು.

ಗೆದ್ದನೇ, ಸೋತನೇ?

ಸೆರ್ಗೆಯ್ 1979ರ ಮೇ 7ರಂದು, 92ನೇ ವಯಸ್ಸಿನಲ್ಲಿ ವಿಯೆನ್ನಾದಲ್ಲಿ ತೀರಿಕೊಂಡ. ಅವನ ಬಗ್ಗೆ ಇಂದಿಗೂ ಜಗಳ ನಿಂತಿಲ್ಲ. ಫ್ರಾಯ್ಡ್ ಇಲ್ಲದಿದ್ದರೆ ಇವನು ಇಪ್ಪತ್ತೈದಕ್ಕೇ ಮುಗಿದುಹೋಗುತ್ತಿದ್ದ ಎನ್ನುವವರು ಒಂದು ಕಡೆ. ಅರವತ್ತು ವರ್ಷ ಡಾಕ್ಟರುಗಳ ಸುತ್ತ ಸುತ್ತಿದವನನ್ನು ವಾಸಿಯಾದವನು ಎನ್ನುವುದು ಹೇಗೆ ಎನ್ನುವವರು ಇನ್ನೊಂದು ಕಡೆ. ಅವನು ಸ್ವತಃ ಎರಡೂ ಕಡೆಗೆ ಸಾಕ್ಷಿ ನುಡಿದ. ತನ್ನ ಪುಸ್ತಕದಲ್ಲಿ ಫ್ರಾಯ್ಡ್‌ರನ್ನು ಕೃತಜ್ಞತೆಯಿಂದ ನೆನೆದ. ಕೊನೆಗಾಲದಲ್ಲಿ ಕಾರಿನ್ ಒಬ್‌ಹೋಲ್ಟ್‌ಸರ್ ಎಂಬ ಪತ್ರಕರ್ತೆಯ ಮುಂದೆ ಮಾತ್ರ, ತನಗೆ ಅಂಥ ಉಪಕಾರವೇನೂ ಆಗಲಿಲ್ಲ, ಬದಲಿಗೆ ಪರಾವಲಂಬಿಯಾದೆ ಎಂದು ದೂರಿದ.

ಈ ಜಗಳದಲ್ಲಿ ನನಗೆ ಮುಖ್ಯ ಎನ್ನಿಸುವುದು ಫ್ರಾಯ್ಡ್ ತಾವೇ ಬರೆದಿಟ್ಟ ಮಾತು. 1937ರಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ಮನೋವಿಶ್ಲೇಷಣೆಗೆ ಕೊನೆ ಎಂಬುದಿದೆಯೇ ಎಂದು ಕೇಳಿಕೊಂಡು ಅವರೊಂದು ಪ್ರಬಂಧ ಬರೆದರು. ಅದರಲ್ಲಿ ಈ ರಷ್ಯನ್ ಯುವಕನನ್ನು ನೆನೆದು, 1914ರಲ್ಲಿ ಅವನು ಶಾಶ್ವತವಾಗಿ ಗುಣವಾದ ಎಂದುಕೊಂಡದ್ದು ತಮ್ಮ ತಪ್ಪು ತಿಳಿವಳಿಕೆ ಎಂದು ಒಪ್ಪಿಕೊಂಡರು. ಅದೇ ಪ್ರಬಂಧದಲ್ಲಿ ಮನೋವಿಶ್ಲೇಷಕರಿಗೇ ಒಂದು ಸಲಹೆ ಕೊಟ್ಟರು: ಸುಮಾರು ಐದು ವರ್ಷಕ್ಕೊಮ್ಮೆ ಅವರೂ ರೋಗಿಯ ಜಾಗದಲ್ಲಿ ಮತ್ತೆ ಮಲಗಬೇಕು, ಅದಕ್ಕೆ ನಾಚಿಕೊಳ್ಳಬಾರದು. ಈ ವಿದ್ಯೆಯನ್ನು ಹುಟ್ಟುಹಾಕಿದವರೇ ಮತ್ತೆ ಹೋಗುವುದನ್ನು ಸೋಲಿನ ಪಟ್ಟಿಯಿಂದ ತೆಗೆದುಹಾಕಿದರು.

ಹಾಗಾದರೆ ಸೆರ್ಗೆಯ್‌ನ ಬದುಕಿನಿಂದ ನಾವು ತೆಗೆದುಕೊಳ್ಳುವುದೇನು? ಚಿಕಿತ್ಸೆ ಎಂದರೆ ಒಮ್ಮೆ ಪಡೆದು ಗೋಡೆಗೆ ನೇತುಹಾಕುವ ಡಿಗ್ರಿ ಸರ್ಟಿಫಿಕೇಟ್ ಅಲ್ಲ. ಮತ್ತೆ ಹೋಗಬೇಕಾಗಿ ಬಂದರೆ ಹೋಗಬೇಕು, ಹೋದಾಗ ಕಳೆದ ಸಲ ಮುಚ್ಚಿಟ್ಟದ್ದನ್ನು ಈ ಸಲ ಹೇಳಬೇಕು. ಡಾಕ್ಟರ ಮೇಲೆ ವಿಶ್ವಾಸವಿರಲಿ, ಆದರೆ ಅವರನ್ನು ದೇವರ ಪೀಠದಲ್ಲಿ ಕೂರಿಸುವುದು ಬೇಡ. ಜೊತೆಗೆ, ಕೋಣೆಯ ಹೊರಗಿನ ಬದುಕು, ಅಂದರೆ ಒಂದು ಕೆಲಸ, ಒಂದು ಹವ್ಯಾಸ, ನೋಡಿಕೊಳ್ಳಬೇಕಾದ ಒಬ್ಬ ಮನುಷ್ಯ, ಇವನ್ನು ಕೈಬಿಡಬಾರದು.

ನೀವಾಗಲಿ, ನಿಮ್ಮ ರೂಂಮೇಟ್ ಆಗಲಿ ಇಂಥ ಹೊಸ್ತಿಲಲ್ಲಿ ನಿಂತಿದ್ದರೆ ಮೊದಲು ಕಂಡ ವೈದ್ಯರನ್ನೇ ಮತ್ತೆ ಕಾಣಬಹುದು, ಅಥವಾ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಬಹುದು. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು. ಮೊದಲ ಸಲ ಕರೆ ಮಾಡುವವರಿಗೂ, ಎರಡನೇ ಸಲದವರಿಗೂ ನಂಬರ್ ಒಂದೇ.